ಒಂದು ಕರಗ, ಹಲವು ಶಾಸ್ತ್ರ: ಅಂತರ್‌ಶಿಸ್ತೀಯ ಎಂ.ಎ.ಯಲ್ಲಿ ಸಂಸ್ಕೃತಿ ಮತ್ತು ಸಮಾಜದ ಓದು

ಚೈತ್ರ ಹುಣ್ಣಿಮೆಯ ನಡುರಾತ್ರಿ ಬೆಂಗಳೂರಿನ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುತ್ತದೆ. ದ್ರೌಪದಿಯ ಶಕ್ತಿ ಇಳಿದಿದೆಯೆಂದು ನಂಬುವ, ಮಲ್ಲಿಗೆ ಹೂವಿನಲ್ಲಿ ಮುಳುಗಿದ ಎತ್ತರದ ಕರಗವನ್ನು ತಲೆಯ ಮೇಲೆ ಹೊತ್ತ ಅರ್ಚಕರು ಹೆಣ್ಣಿನ ಉಡುಗೆಯಲ್ಲಿ, ಬಳೆ ತೊಟ್ಟು ನಡೆಯುತ್ತಾರೆ. ಸುತ್ತಲೂ ಹಿರಿದ ಕತ್ತಿಗಳೊಂದಿಗೆ ವೀರಕುಮಾರರು, ಬಾಯಲ್ಲಿ ಗೋವಿಂದನ ಹೆಸರು. ಪೇಟೆಯ ಬೀದಿಗಳನ್ನು, ಅಲ್ಲಿನ ಗುಡಿಗಳನ್ನು ಸುತ್ತಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ, ಬೆಳಕು ಹರಿಯುವ ಹೊತ್ತಿಗೆ ಕರಗ ಗುಡಿಗೆ ಮರಳುತ್ತದೆ.

ಎಂ.ಎ. ಪ್ರಬಂಧಕ್ಕೆ ಇದೇ ವಿಷಯ ಬೇಕೆಂದು ಒಬ್ಬ ವಿದ್ಯಾರ್ಥಿನಿ ಹೊರಟಳು ಎಂದುಕೊಳ್ಳಿ. ಅವಳು ಯಾವ ವಿಭಾಗಕ್ಕೆ ಹೋಗಬೇಕು? ದ್ರೌಪದಿಯ ಕಥೆ ಇರುವುದರಿಂದ ಸಾಹಿತ್ಯ ವಿಭಾಗವೇ? ಹಳೆಯ ಆಚರಣೆಯಾದ್ದರಿಂದ ಇತಿಹಾಸವೇ? ಒಂದು ಸಮುದಾಯದ ಹಬ್ಬವಾದ್ದರಿಂದ ಸಮಾಜಶಾಸ್ತ್ರವೋ ಜಾನಪದವೋ? ಗಂಡಸು ಹೆಣ್ಣಾಗುವುದರಿಂದ ಮಹಿಳಾ ಅಧ್ಯಯನವೇ? ನಗರದ ನಡುವೆ ನಡೆಯುವುದರಿಂದ ಭೂಗೋಳವೇ? ಯಾವ ಬಾಗಿಲಿನಿಂದ ಒಳಹೊಕ್ಕರೂ ಕರಗದ ಒಂದು ಭಾಗ ಹೊರಗೇ ಉಳಿಯುತ್ತದೆ. ಕರಗ ಹೊರುವವರಿಗಾಗಲಿ ನೋಡುವವರಿಗಾಗಲಿ ಇವೆಲ್ಲ ಬೇರೆ ಬೇರೆ ಸಂಗತಿಗಳಲ್ಲ. ವಿಂಗಡಣೆ ಆದದ್ದು ವಿಶ್ವವಿದ್ಯಾಲಯದ ಕಟ್ಟಡದಲ್ಲಿ, ಅದೂ ಬಹುಮಟ್ಟಿಗೆ ಕಳೆದ ಒಂದೂವರೆ ಎರಡು ಶತಮಾನಗಳಲ್ಲಿ. ಈ ಗೋಡೆಗಳನ್ನು ದಾಟಿ ಒಂದು ಪ್ರಶ್ನೆಯನ್ನು ಹಿಂಬಾಲಿಸಲು ಅವಕಾಶ ಕೊಡುವ ಓದಿಗೆ ಅಂತರ್‌ಶಿಸ್ತೀಯ ಮಾನವಿಕ ಅಧ್ಯಯನ ಎನ್ನುತ್ತಾರೆ. ಮಾನವಿಕ ಎಂದರೆ ಸಾಹಿತ್ಯ, ಇತಿಹಾಸ, ತತ್ವಶಾಸ್ತ್ರ, ಭಾಷೆ, ಕಲೆ ಮೊದಲಾದವು. ಸಂಸ್ಕೃತಿ ಮತ್ತು ಸಮಾಜದ ವಿಷಯ ಬಂದಾಗ ಇವುಗಳ ಜೊತೆಗೆ ಸಮಾಜಶಾಸ್ತ್ರ, ಮಾನವಶಾಸ್ತ್ರಗಳೂ ಸೇರುತ್ತವೆ.

ಇಲ್ಲಿ ಒಂದು ಗೊಂದಲ ಮೊದಲೇ ತಿಳಿಯಾಗಬೇಕು. ಹಲವು ವಿಷಯಗಳನ್ನು ಒಂದೇ ಪದವಿಯಲ್ಲಿ ಓದಿದ ಮಾತ್ರಕ್ಕೆ ಓದು ಅಂತರ್‌ಶಿಸ್ತೀಯ ಆಗುವುದಿಲ್ಲ. ನಮ್ಮ ಬಿ.ಎ.ಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಎಂದು ಮೂರು ಐಚ್ಛಿಕ ವಿಷಯಗಳನ್ನು ತೆಗೆದುಕೊಂಡವರು ಮೂರನ್ನೂ ಬೇರೆ ಬೇರೆಯಾಗಿ ಓದಿ, ಬೇರೆ ಬೇರೆಯಾಗಿ ಪರೀಕ್ಷೆ ಬರೆದಿರುತ್ತಾರೆ. ಅದು ಬಹುಶಿಸ್ತೀಯ ಓದು. ಇತಿಹಾಸದ ಪಾಠದಲ್ಲಿ ಕಲಿತದ್ದು ಕನ್ನಡದ ಪಾಠದ ಪ್ರಶ್ನೆಯನ್ನೇ ಬದಲಾಯಿಸುವ ಪ್ರಸಂಗ ಅಲ್ಲಿ ಬರುವುದು ಅಪರೂಪ. ಅಂತರ್‌ಶಿಸ್ತೀಯ ಓದಿನಲ್ಲಿ ಆಗಬೇಕಾದದ್ದು ಅದೇ: ಒಂದು ಶಾಸ್ತ್ರ ಕೊಟ್ಟ ಉತ್ತರದಿಂದ ಇನ್ನೊಂದು ಶಾಸ್ತ್ರಕ್ಕೆ ಹೊಸ ಪ್ರಶ್ನೆ ಹುಟ್ಟಬೇಕು. ಅದು ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಕರಗವನ್ನೇ ಹಿಡಿದು ಹೋಗೋಣ.

ಗುಡಿಯಿಂದ ಕೆರೆಗೆ

ಕಥೆಯಿಂದ ಶುರುಮಾಡಿದರೆ, ಸ್ವರ್ಗಾರೋಹಣದ ದಾರಿಯಲ್ಲಿ ದ್ರೌಪದಿ ಹಿಂದೆ ಉಳಿಯುತ್ತಾಳೆ. ತಿಮಿರಾಸುರ ಎದುರಾಗುತ್ತಾನೆ. ಅವಳು ಆದಿಶಕ್ತಿಯ ರೂಪ ತಾಳಿ ವೀರಕುಮಾರರನ್ನು ಹುಟ್ಟಿಸಿ ಅವನನ್ನು ಗೆಲ್ಲುತ್ತಾಳೆ. ತಮ್ಮನ್ನು ಬಿಟ್ಟುಹೋಗಬೇಡವೆಂದು ವೀರಕುಮಾರರು ಬೇಡಿದಾಗ ವರ್ಷಕ್ಕೊಮ್ಮೆ ಬರುತ್ತೇನೆಂದು ಮಾತು ಕೊಡುತ್ತಾಳೆ. ಸಾಹಿತ್ಯದ ವಿದ್ಯಾರ್ಥಿಗೆ ಇಷ್ಟೇ ಸಾಕಷ್ಟು ಕೆಲಸ. ವ್ಯಾಸ ಭಾರತದಲ್ಲಿ ದ್ರೌಪದಿ ದಾರಿಯಲ್ಲಿ ಬಿದ್ದು ಅಲ್ಲಿಗೆ ಮುಗಿಯುತ್ತಾಳೆ; ಇಲ್ಲಿ ಬಿದ್ದಲ್ಲಿಂದಲೇ ಎದ್ದು ದೇವತೆಯಾಗುತ್ತಾಳೆ. ತಮಿಳುನಾಡಿನ ಸೆಂಜಿಯ ಸುತ್ತಲಿನ ಊರುಗಳಲ್ಲಿ ದ್ರೌಪದಿ ಅಮ್ಮನಿಗೆ ಗುಡಿಗಳಿವೆ, ತೆರುಕ್ಕೂತ್ತು ಎಂಬ ಬೀದಿ ಆಟಗಳಿವೆ, ಕೆಂಡ ಹಾಯುವ ಹರಕೆಯಿದೆ. ಹೋಲಿಸಿ ನೋಡುವುದಕ್ಕೆ ದೊಡ್ಡ ಕ್ಷೇತ್ರ ಇದು.

ಆದರೆ ಕಥೆಯನ್ನು ಹೇಳುವವರು ಯಾರು ಎಂದು ಕೇಳಿದ ಕೂಡಲೇ ದಾರಿ ಬದಲಾಗುತ್ತದೆ. ಕರಗ ನಡೆಸುವವರು ತಿಗಳ ಸಮುದಾಯದವರು. ತಲೆಮಾರುಗಳಿಂದ ತೋಟಗಾರಿಕೆ ಮಾಡಿದವರು. ಬೆಂಗಳೂರಿಗೆ ಹೂವು, ಹಣ್ಣು, ಸೊಪ್ಪು, ತರಕಾರಿ ಬೆಳೆದು ಕೊಟ್ಟವರು. ತೋಟಕ್ಕೆ ಬೇಕಾದದ್ದು ನೀರು. ಹೇಳಿಕೊಳ್ಳುವಂಥ ದೊಡ್ಡ ನದಿ ಊರೊಳಗೆ ಇಲ್ಲದ, ಎತ್ತರದ ಮೇಲೆ ಕೂತ ಬೆಂಗಳೂರಿನಲ್ಲಿ ನೀರೆಂದರೆ ಕೆರೆ. ಕರಗದ ಆಚರಣೆಗೂ ಕೆರೆ ಬೇಕೇ ಬೇಕು. ದೇವಿಯ ಶಕ್ತಿ ನೀರಿನ ಬಳಿಯಲ್ಲಿ ಕರಗಕ್ಕೆ ಇಳಿಯುತ್ತದೆ. ಹಸಿ ಕರಗದ ಶಾಸ್ತ್ರ ಇಂದಿಗೂ ಸಂಪಂಗಿ ಕೆರೆಯ ಜಾಗದಲ್ಲಿ ನಡೆಯುತ್ತದೆ.

ಸಂಪಂಗಿ ಕೆರೆ ಈಗ ಎಲ್ಲಿದೆ? ಅದರ ಮೇಲೆ ಕಂಠೀರವ ಕ್ರೀಡಾಂಗಣ ನಿಂತಿದೆ. ಕೆರೆಯ ಗುರುತಾಗಿ ಉಳಿದಿರುವುದು ಒಂದು ಪುಟ್ಟ ಕೊಳ. ಅದು ಉಳಿದದ್ದೂ ಕರಗದ ಪೂಜೆಗೆ ಬೇಕೆಂಬ ಕಾರಣಕ್ಕೆ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಿದೆ. ಶೂಲೆ ಕೆರೆ ಫುಟ್‌ಬಾಲ್ ಮೈದಾನವಾಯಿತು, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಮೈದಾನವಾಯಿತು.

ಈಗ ಸಾಹಿತ್ಯದ ಪ್ರಶ್ನೆ ಪರಿಸರ ಇತಿಹಾಸದ ಪ್ರಶ್ನೆಯಾಯಿತು. ಕೆರೆಗಳು ಯಾಕೆ ಹೋದವು? ಜನ ಹೆಚ್ಚಾದರು ಎಂಬ ಉತ್ತರ ಸಾಲದು. 1809ರಲ್ಲಿ ಬ್ರಿಟಿಷ್ ದಂಡು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಬಂದು ಕಂಟೋನ್ಮೆಂಟ್ ಕಟ್ಟಿತು. ಪೇಟೆ ಒಂದು ಆಡಳಿತಕ್ಕೆ, ದಂಡು ಇನ್ನೊಂದು ಆಡಳಿತಕ್ಕೆ ಸೇರಿ ಊರು ಎರಡಾಯಿತು. ಎರಡೂ ಒಂದೇ ನಗರಪಾಲಿಕೆಯಡಿ ಬಂದದ್ದು 1949ರಲ್ಲಿ. ಸಂಪಂಗಿ ಕೆರೆ ಇದ್ದದ್ದು ಈ ಎರಡರ ನಡುವೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ದಾಖಲೆಗಳಲ್ಲಿ ಆ ನೀರಿಗಾಗಿ ನಡೆದ ಎಳೆದಾಟ ಕಾಣುತ್ತದೆ: ತೋಟದವರಿಗೆ ಕೆರೆ ತುಂಬಿರಬೇಕು, ಬೇರೆಯವರಿಗೆ ಅದೇ ನೀರು ಬೇರೆ ಕೆಲಸಕ್ಕೆ ಬೇಕು, ಇನ್ನು ಕೆಲವರಿಗೆ ಕೆರೆಯೇ ಬೇಡ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ಕುಡಿಯುವುದಕ್ಕೆ ದೂರದ ನೀರು ಸಿಕ್ಕ ಮೇಲೆ ಊರೊಳಗಿನ ಕೆರೆ ಕಾಪಾಡುವ ಒತ್ತಾಯ ಸಡಿಲವಾಯಿತು. ಕೆರೆಯನ್ನು ನೆಚ್ಚಿಕೊಂಡು ಉಳಿದವರು ತೋಟದವರು ಮಾತ್ರ; ಕೆರೆ ಬೇಕೆಂಬ ಅವರ ಮಾತಿಗೆ ಆಡಳಿತದಲ್ಲಿ ತೂಕ ಕಡಿಮೆ.

ಕರಗವನ್ನು ನಗರದ ನೆನಪಿನ ಭೂಪಟವಾಗಿ ಓದಬಹುದು ಎಂಬುದನ್ನು ಮಾನವಶಾಸ್ತ್ರಜ್ಞೆ ಸ್ಮೃತಿ ಶ್ರೀನಿವಾಸ್ 2001ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ. ಸಂಪಂಗಿ ಕೆರೆ ಕಾಣೆಯಾದ ಬಗೆಯನ್ನು ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಜೊತೆಗಾರರು ಹಳೆಯ ನಕಾಶೆ, ಕಡತ, ಹಿರಿಯರ ನೆನಪುಗಳನ್ನು ಜೋಡಿಸಿ ಬರೆದಿದ್ದಾರೆ. ಒಬ್ಬರು ಆಚರಣೆಯಿಂದ ಹೊರಟು ಕೆರೆಗೆ ಬಂದರು, ಇನ್ನೊಬ್ಬರು ಕೆರೆಯಿಂದ ಹೊರಟು ಅದೇ ಸಮುದಾಯದ ಮನೆಗೆ ಬಂದರು. ಇದು ನನಗೆ ತುಂಬಾ ಮುಖ್ಯವಾಗಿ ಕಾಣುತ್ತದೆ. ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಹಿಂಬಾಲಿಸಿದರೆ ಶಾಸ್ತ್ರದ ಗಡಿ ದಾಟುವುದು ಅನಿವಾರ್ಯವಾಗುತ್ತದೆ. ದಾಟಲೇಬೇಕೆಂಬ ಹಟ ಬೇಕಾಗುವುದಿಲ್ಲ.

ಜಾತಿ, ಹೆಣ್ಣು, ದರ್ಗಾ

ಕರಗ ನಡೆಸುವ ಸಮುದಾಯಕ್ಕೆ ವಹ್ನಿಕುಲ ಕ್ಷತ್ರಿಯರೆಂಬ ಹೆಸರೂ ಇದೆ. ದ್ರೌಪದಿ ಯಜ್ಞದ ಬೆಂಕಿಯಲ್ಲಿ ಹುಟ್ಟಿದವಳು. ಸಮುದಾಯವೂ ತನ್ನ ಮೂಲವನ್ನು ಬೆಂಕಿಯಲ್ಲಿ ಕಾಣುತ್ತದೆ. ಇದನ್ನು ಪುರಾಣವೆಂದು ಅಲ್ಲಿಗೇ ಬಿಡಬಾರದು. 1901ರ ಜನಗಣತಿಯಲ್ಲಿ ಅದರ ಆಯುಕ್ತನಾಗಿದ್ದ ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲಿ ಜಾತಿಗಳನ್ನು ಮೇಲು ಕೀಳಿನ ಅನುಕ್ರಮದಲ್ಲಿ ಜೋಡಿಸಲು ಹೋದದ್ದು ದೇಶದ ಉದ್ದಗಲಕ್ಕೂ ಅರ್ಜಿಗಳ ಪ್ರವಾಹವನ್ನೇ ತಂದಿತು. ಅನೇಕ ಸಮುದಾಯಗಳು ತಮ್ಮನ್ನು ಇಂಥ ಹೆಸರಿನಿಂದಲೇ ದಾಖಲಿಸಬೇಕೆಂದು ಕೇಳಿದವು, ಜಾತಿ ಸಂಘಗಳು ಬಲವಾದವು. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾಗಿ, ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದವರ ಪಾಲಿನ ಮಾತು ಬಂತು. ಆಗ ಜಾತಿ ಸಂಘಕ್ಕೆ ಇನ್ನೊಂದು ಕೆಲಸ ಸೇರಿಕೊಂಡಿತು: ಗೌರವ ಕೇಳುವುದರ ಜೊತೆಗೆ ಪ್ರಾತಿನಿಧ್ಯ ಕೇಳುವುದು. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಕೊಡವರ ನಡುವೆ ಮಾಡಿದ ಅಧ್ಯಯನದಿಂದ ಹೊರಟು ವಿವರಿಸಿದ ಸಂಸ್ಕೃತೀಕರಣದ, ಅಂದರೆ ಕೆಳಗಿನ ಜಾತಿಯವರು ಮೇಲಿನವರ ರೀತಿನೀತಿ ಅನುಸರಿಸಿ ಮೇಲೇರಲು ನೋಡುವುದರ, ಪರಿಕಲ್ಪನೆ ಇಲ್ಲಿ ನೆರವಿಗೆ ಬರುತ್ತದೆ. ಆದರೆ ಕರಗದ ಮುಂದೆ ಅದು ಪೂರ್ತಿ ಸಾಲದು. ಮೇಲಿನವರ ರೀತಿನೀತಿ ಅನುಸರಿಸುವುದೊಂದೇ ಇಲ್ಲಿನ ಕಥೆಯಾಗಿದ್ದರೆ ಹೆಣ್ಣುಡುಗೆಯ ಅರ್ಚಕ, ಕತ್ತಿ, ದರ್ಗಾದ ಭೇಟಿ ಎಂದೋ ಮಾಯವಾಗಬೇಕಿತ್ತು. ಒಂದು ಸಿದ್ಧಾಂತ ಎಲ್ಲಿಯವರೆಗೆ ಹೊರೆ ಹೊರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಹೇಳಬಲ್ಲವರು ಸಿದ್ಧಾಂತವನ್ನು ನಿಜವಾಗಿ ಓದಿದವರು.

ಇನ್ನು ಹೆಣ್ಣಿನ ವಿಷಯ. ಕರಗ ಹೊರುವ ಅರ್ಚಕರ ಬಗ್ಗೆ ಪ್ರತಿ ವರ್ಷ ಪತ್ರಿಕೆಗಳು ಬರೆಯುತ್ತವೆ, ಟಿವಿ ತೋರಿಸುತ್ತದೆ. ಸಂಪ್ರದಾಯದ ಪ್ರಕಾರ ಅವರ ಪತ್ನಿ ತಮ್ಮ ಮಾಂಗಲ್ಯ, ಬಳೆಗಳನ್ನು ಗಂಡನಿಗೆ ಒಪ್ಪಿಸಿ, ಆಚರಣೆ ಮುಗಿಯುವವರೆಗೆ ಮರೆಯಲ್ಲಿ ಇರುತ್ತಾರೆ. ಆ ಹೆಂಗಸಿನ ಮಾತನ್ನು ಎಷ್ಟು ಮಂದಿ ಕೇಳಿದ್ದಾರೆ? ಗಂಡಸು ಹೆಣ್ಣಿನ ವೇಷದಲ್ಲಿ ದೈವವಾಗುವ ಹೊತ್ತಿಗೆ ಮನೆಯ ಹೆಣ್ಣು ಕಣ್ಣಿಗೆ ಬೀಳಬಾರದು. ಇದನ್ನು ದೇವಿಯ ಮಹಿಮೆ ಎಂದೂ ಓದಬಹುದು, ಹೆಣ್ಣನ್ನು ಬದಿಗೆ ಸರಿಸುವುದೆಂದೂ ಓದಬಹುದು. ಎರಡರಲ್ಲಿ ಒಂದನ್ನು ಪುಸ್ತಕ ನೋಡಿ ತೀರ್ಮಾನಿಸುವ ಹಕ್ಕು ಯಾರಿಗೂ ಇಲ್ಲ. ಆ ಮನೆಯ ಹೆಂಗಸರು ಏನು ಹೇಳುತ್ತಾರೆ, ಯಾವುದನ್ನು ಹೇಳದೆ ಬಿಡುತ್ತಾರೆ ಎಂದು ಕೂತು ಕೇಳಬೇಕು. ನನ್ನ ಮಟ್ಟಿಗೆ ಕರಗದ ಮೇಲಿನ ಒಳ್ಳೆಯ ಪ್ರಬಂಧವೊಂದು ಇಲ್ಲಿಂದಲೇ ಹುಟ್ಟಬಹುದು.

ಜಾತಿ ಮತ್ತು ಹೆಣ್ಣನ್ನು ಒಟ್ಟಿಗೆ ಇಟ್ಟು ಯೋಚಿಸುವುದು ಈಚಿನ ಫ್ಯಾಷನ್ ಎಂದು ತಿಳಿದವರಿದ್ದಾರೆ. ಅವರು 1916ರ ಮೇ ತಿಂಗಳಿಗೆ ಹೋಗಬೇಕು. ಅಂಬೇಡ್ಕರ್ ಆಗ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮುಖ್ಯವಾಗಿ ಅರ್ಥಶಾಸ್ತ್ರದ ವಿದ್ಯಾರ್ಥಿ. ಜಾತಿಯ ಬಗ್ಗೆ ಅವರು ಪ್ರಬಂಧ ಓದಿದ್ದು ಮಾನವಶಾಸ್ತ್ರದ ಸೆಮಿನಾರಿನಲ್ಲಿ. ಜಾತಿಯೊಳಗೇ ಮದುವೆ ಎಂಬ ನಿಯಮವೇ ಜಾತಿಯ ಜೀವಾಳ, ಆ ನಿಯಮವನ್ನು ಉಳಿಸಿಕೊಳ್ಳಲು ಸತಿ, ವಿಧವೆಗೆ ಮರುಮದುವೆಯ ನಿಷೇಧ, ಬಾಲ್ಯವಿವಾಹಗಳು ಸಾಧನವಾದವು ಎಂದು ಅವರು ವಾದಿಸಿದರು. ಅರ್ಥಶಾಸ್ತ್ರ, ಮಾನವಶಾಸ್ತ್ರ, ಹೆಣ್ಣಿನ ಪ್ರಶ್ನೆ ಎಲ್ಲವೂ ಒಂದೇ ವಾದದಲ್ಲಿ ಕೂಡಿಕೊಂಡಿವೆ. ಆಗ ಅವರ ವಯಸ್ಸು 25. ಎಂ.ಎ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ.

ದರ್ಗಾದ ಭೇಟಿಗೆ ಕಾರಣ ಹೇಳುವ ಐತಿಹ್ಯಗಳು ಜನರ ಬಾಯಲ್ಲಿವೆ. ಸೂಫಿ ಸಂತನಿಗೂ ಕರಗಕ್ಕೂ ಆದ ಮುಖಾಮುಖಿ, ಅನಂತರದ ಒಂದು ಮಾತು, ಅದನ್ನು ಉಳಿಸಿಕೊಂಡು ಬಂದ ಪದ್ಧತಿ. 2022ರಲ್ಲಿ ಕರಗ ದರ್ಗಾಕ್ಕೆ ಹೋಗಬಾರದೆಂಬ ಒತ್ತಾಯ ಕೆಲವರಿಂದ ಬಂತು. ಗುಡಿಯ ಕಡೆಯವರು ಪದ್ಧತಿಯಂತೆ ನಡೆಯುತ್ತದೆ ಎಂದರು, ಹಾಗೇ ನಡೆಸಿದರು. ಇಲ್ಲಿಗೆ ಬಂದಾಗ ವಿದ್ಯಾರ್ಥಿಗಳು ಸೌಹಾರ್ದ ಎಂಬ ಒಂದು ಮಾತು ಬರೆದು ಮುಂದೆ ಹೋಗಿಬಿಡುತ್ತಾರೆ. ಮಾತು ಸುಳ್ಳೇನಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಪೇಟೆಯಲ್ಲಿ ಯಾರ ಅಂಗಡಿ ಎಲ್ಲಿತ್ತು, ಹೂವು ಮಾರುವವರು ಯಾರು ಕೊಳ್ಳುವವರು ಯಾರು, ಮೆರವಣಿಗೆಯ ದಾರಿಯನ್ನು ನಿಗದಿ ಮಾಡುವ ಅಧಿಕಾರ ಗುಡಿಯದೋ ಪೊಲೀಸರದೋ ಪಾಲಿಕೆಯದೋ ಎಂದು ಬಿಡಿಸಿ ನೋಡಿದಾಗಲಷ್ಟೇ ಕೂಡಿ ಬಾಳುವುದು ಹೇಗೆ ಸಾಧ್ಯವಾಗಿದೆ, ಎಲ್ಲಿ ಬಿರುಕು ಬಿಡಬಹುದು ಎಂದು ಕಾಣುತ್ತದೆ.

ಸಾಕ್ಷ್ಯಗಳು ಒಪ್ಪದಿದ್ದಾಗ

ಈ ಓದಿನ ನಿಜವಾದ ಕಷ್ಟ ಇರುವುದು ಇಲ್ಲಿ. ಯಾವುದು ಸಾಕ್ಷ್ಯ ಎಂಬುದರ ಬಗ್ಗೆ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಅಳತೆಯಿದೆ. ಇತಿಹಾಸಕಾರರು ಕಾಲ ಗೊತ್ತಿರುವ ಶಾಸನ, ಕಡತ ಕೇಳುತ್ತಾರೆ. ಮಾನವಶಾಸ್ತ್ರದವರು ಜನರ ನಡುವೆ ದೀರ್ಘಕಾಲ ಇದ್ದು ಕಂಡದ್ದನ್ನು, ಕೇಳಿದ್ದನ್ನು ನಂಬುತ್ತಾರೆ. ಸಾಹಿತ್ಯದವರಿಗೆ ಪಠ್ಯದ ಒಂದು ತಿರುವೇ ಸಾಕ್ಷ್ಯ. ಸಮಾಜಶಾಸ್ತ್ರದಲ್ಲಿ ಎಷ್ಟು ಮನೆಗಳಲ್ಲಿ ಕೇಳಿದಿರಿ, ಹೇಗೆ ಆರಿಸಿದಿರಿ ಎಂಬ ಪ್ರಶ್ನೆ ಏಳುತ್ತದೆ.

ಗುಡಿ ಎಂಟು ನೂರು ವರ್ಷ ಹಳೆಯದು ಎಂದು ಸಮುದಾಯದ ಹಿರಿಯರು ಹೇಳುತ್ತಾರೆ ಎನ್ನಿ. ಅದಕ್ಕೆ ಶಾಸನದ ಆಧಾರ ಸಿಗದಿದ್ದರೆ? ಹಿರಿಯರು ಹೇಳಿದ್ದೇ ನಿಜ ಎಂದು ಬರೆದರೆ ಇತಿಹಾಸಕ್ಕೆ ಅಪಚಾರ. ಆಧಾರವಿಲ್ಲ, ಆದ್ದರಿಂದ ಸುಳ್ಳು ಎಂದು ತಳ್ಳಿಹಾಕಿದರೂ ಅದೇ ತಪ್ಪು, ಬೇರೆ ದಿಕ್ಕಿನಿಂದ. ದಾಖಲೆ ಬರೆಯುತ್ತಿದ್ದವರು ಯಾರು? ಕಂದಾಯ, ದತ್ತಿ, ಯುದ್ಧ, ನೀರಿನ ತಕರಾರು ಇದ್ದಾಗ ಅಧಿಕಾರ ಬರೆದುಕೊಂಡಿತು. ತರಕಾರಿ ಬೆಳೆಯುವವರ ಹಬ್ಬ ಕಡತದೊಳಗೆ ಬರುವುದಕ್ಕೆ ಏನಾದರೂ ಗಲಾಟೆ ಆಗಬೇಕಿತ್ತು. ಹಾಗಾಗಿ ದಾಖಲೆಯ ಮೌನವನ್ನೂ ಓದಬೇಕು. ಇತ್ತ ಮೌಖಿಕ ನೆನಪಿನಲ್ಲಿ ಇಸವಿಗಳು ಜಾರುತ್ತವೆ, ಆದರೆ ಸಂಬಂಧಗಳು ಗಟ್ಟಿಯಾಗಿ ಉಳಿಯುತ್ತವೆ: ಯಾರ ಮನೆಯವರು ಯಾವ ಸೇವೆ ಮಾಡಬೇಕು, ಯಾರ ಬೀದಿಯಲ್ಲಿ ನಿಲ್ಲಬೇಕು. ಇಸವಿ ಬೇಕಾದಾಗ ಕಡತಕ್ಕೆ, ಹಕ್ಕು ಮತ್ತು ನಂಟಿನ ವಿಷಯಕ್ಕೆ ಹಿರಿಯರ ಹತ್ತಿರ ಹೋಗಬೇಕು. ಯಾವ ಆಕರ ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲದು ಎಂಬ ವಿವೇಕ ಬೆಳೆಸಿಕೊಳ್ಳುವುದೇ ಈ ಪದವಿಯ ಅರ್ಧ ಓದು ಎನ್ನಬಹುದು. ಎರಡೂ ಕಡೆಗೆ ಸಮಾನ ಗೌರವ ಕೊಡುತ್ತೇನೆಂದು ಎರಡನ್ನೂ ಅಕ್ಕಪಕ್ಕ ಇಟ್ಟು ಕೈತೊಳೆದುಕೊಳ್ಳುವ ಪ್ರಬಂಧಗಳೂ ಬರುತ್ತವೆ. ಅಲ್ಲಿ ಕಷ್ಟದ ಕೆಲಸ ಬಾಕಿಯೇ ಉಳಿದಿರುತ್ತದೆ.

ಬೆಂಗಳೂರಿನಲ್ಲಿ ಇಂಥ ಕೆಲಸಕ್ಕೆ ಆಕರಗಳ ಬಡತನವಿಲ್ಲ. ವಿಧಾನಸೌಧದಲ್ಲಿ ರಾಜ್ಯ ಪತ್ರಾಗಾರವಿದೆ. 1909ರಲ್ಲಿ ಶುರುವಾದ ಮಿಥಿಕ್ ಸೊಸೈಟಿಯ ಗ್ರಂಥಾಲಯವಿದೆ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಪುಟಗಳೂ ಗೆಜೆಟಿಯರುಗಳೂ ಸಿಗುತ್ತವೆ. ಪೇಟೆಯಲ್ಲಿ ಮಾತಾಡುವ ಜನ ಇದ್ದಾರೆ.

ಈ ಓದು ಎಲ್ಲಿಂದ ಬಂತು

ಸಂಸ್ಕೃತಿ ಎಂದರೆ ಶಾಸ್ತ್ರೀಯ ಸಂಗೀತ, ಶಿಲ್ಪ, ಮಹಾಕಾವ್ಯ ಎಂಬ ತಿಳಿವಳಿಕೆ ನಮ್ಮಲ್ಲಿ ಇನ್ನೂ ಬಲವಾಗಿದೆ. 1871ರಷ್ಟು ಹಿಂದೆಯೇ ಎಡ್ವರ್ಡ್ ಟೈಲರ್ ಎಂಬ ಮಾನವಶಾಸ್ತ್ರಜ್ಞ ಜ್ಞಾನ, ನಂಬಿಕೆ, ಕಲೆ, ನೀತಿ, ಕಾನೂನು, ರೂಢಿ ಎಲ್ಲವನ್ನೂ ಸೇರಿಸಿ ಅದಕ್ಕೆ ವಿಶಾಲ ಅರ್ಥ ಕೊಟ್ಟಿದ್ದ. ಆದರೆ ದಿನನಿತ್ಯದ ಬದುಕನ್ನು, ಅದೂ ಕೂಲಿಕಾರರ ಬದುಕನ್ನು, ಸಾಹಿತ್ಯ ಓದುವಷ್ಟೇ ಗಮನದಿಂದ ಓದಬೇಕೆಂಬ ಹಟ ಸಂಸ್ಥೆಯ ರೂಪ ಪಡೆದದ್ದು 1964ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಸಮಕಾಲೀನ ಸಂಸ್ಕೃತಿ ಅಧ್ಯಯನದ ಕೇಂದ್ರ ಸ್ಥಾಪಿಸಿದ ರಿಚರ್ಡ್ ಹಾಗರ್ಟ್ ದುಡಿಯುವ ವರ್ಗದಿಂದ ಬಂದವರು, ವಯಸ್ಕರ ಶಿಕ್ಷಣದ ತರಗತಿಗಳಲ್ಲಿ ಪಾಠ ಹೇಳಿದವರು. ಅನಂತರ ಕೇಂದ್ರವನ್ನು ನಡೆಸಿದ ಸ್ಟೂವರ್ಟ್ ಹಾಲ್ ಜಮೈಕಾದಿಂದ ಬಂದವರು. ಹಾಗಾಗಿ ವರ್ಗದ ಜೊತೆಗೆ ಬಣ್ಣ, ವಲಸೆ, ಮಾಧ್ಯಮಗಳ ಪ್ರಶ್ನೆಗಳೂ ಅಲ್ಲಿ ಬಂದವು. ಇಷ್ಟು ಹೆಸರು ಮಾಡಿದ ವಿಭಾಗವನ್ನು ವಿಶ್ವವಿದ್ಯಾಲಯ 2002ರಲ್ಲಿ ಮುಚ್ಚಿತು. ಗೋಡೆಗಳ ನಡುವೆ ಹುಟ್ಟಿದ ವಿಭಾಗಕ್ಕೆ ತನ್ನದೇ ಗೋಡೆ ಇರುವುದಿಲ್ಲ. ಆಡಳಿತದವರು ಕತ್ತರಿ ಹಿಡಿದಾಗ ಮೊದಲು ಸಿಗುವುದು ಅಂಥದ್ದೇ.

ಭಾರತದಲ್ಲಿ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಅಸ್ಸಾಮಿನ ತೇಜ್‌ಪುರ ವಿಶ್ವವಿದ್ಯಾಲಯಗಳಲ್ಲಿ ಸಂಸ್ಕೃತಿ ಅಧ್ಯಯನದ ವಿಭಾಗಗಳಿವೆ. ಬೆಂಗಳೂರಿನಲ್ಲಿ 1998ರಲ್ಲಿ ತೇಜಸ್ವಿನಿ ನಿರಂಜನ ಮೊದಲಾದವರು ಸೇರಿ ಕಟ್ಟಿದ ಸಂಸ್ಕೃತಿ ಮತ್ತು ಸಮಾಜ ಅಧ್ಯಯನ ಕೇಂದ್ರ ಒಂದು ತಲೆಮಾರಿನ ಸಂಶೋಧಕರನ್ನು ತಯಾರು ಮಾಡಿತು. ಸಿನಿಮಾ, ಕಾನೂನು, ಲಿಂಗಪ್ರಶ್ನೆಗಳನ್ನು ಒಟ್ಟಿಗೆ ಓದುವ ಧೈರ್ಯವನ್ನು ಅದು ಕೊಟ್ಟಿತು.

ಆದರೆ ಎಲ್ಲವೂ ಇಂಗ್ಲಿಷಿನಿಂದ ಬಂತೆಂದು ನಂಬಿಬಿಟ್ಟರೆ ಕನ್ನಡದವರು ತಮ್ಮ ಮನೆಯ ಗಂಟನ್ನೇ ಮರೆತಂತೆ. ಧಾರವಾಡದಲ್ಲಿ ಶಾಲಾ ಮಾಸ್ತರರಾಗಿದ್ದ ಶಂ.ಬಾ. ಜೋಶಿ ಊರ ಹೆಸರು, ದೇವರ ಹೆಸರು, ಪುರಾಣ, ಭಾಷೆ, ಬುಡಕಟ್ಟುಗಳ ನೆನಪು ಎಲ್ಲವನ್ನೂ ಎದುರುಬದುರು ಇಟ್ಟು ಕರ್ನಾಟಕ ಸಂಸ್ಕೃತಿಯ ಮೂಲ ಹುಡುಕಿದರು. ಅವರಿಗೆ 1970ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಆ ಕೆಲಸಕ್ಕೇ. ಅವರ ಎಲ್ಲ ತೀರ್ಮಾನಗಳನ್ನು ಇಂದು ಒಪ್ಪಲಾಗದಿರಬಹುದು. ಪ್ರಶ್ನೆ ಕೇಳುವ ಅವರ ನಿರ್ಭಯ ಮಾತ್ರ ಇಂದಿಗೂ ಕಲಿಯುವಂಥದ್ದು. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ, ಮಹಿಳಾ ಅಧ್ಯಯನ, ಅಭಿವೃದ್ಧಿ ಅಧ್ಯಯನ, ಜಾನಪದ ವಿಭಾಗಗಳು ಕನ್ನಡದಲ್ಲೇ ಇಂಥ ಕೆಲಸಕ್ಕೆ ಜಾಗ ಮಾಡಿಕೊಟ್ಟವು. ರಹಮತ್ ತರೀಕೆರೆಯವರು ಅಲ್ಲಿದ್ದುಕೊಂಡು ಊರೂರು ತಿರುಗಿ ಸೂಫಿಗಳ, ನಾಥರ, ಶಾಕ್ತರ ಬಗ್ಗೆ ಬರೆದದ್ದನ್ನು ಓದದೆ ಕರಗ ಮತ್ತು ದರ್ಗಾದ ನಂಟಿನ ಬಗ್ಗೆ ಬರೆಯಲು ಕೂರುವುದು ಸರಿಯಲ್ಲ.

ಎರಡು ವರ್ಷಗಳಲ್ಲಿ ಏನು ಮಾಡುತ್ತಾರೆ

ಸಾಮಾನ್ಯವಾಗಿ ಇದು ನಾಲ್ಕು ಸೆಮಿಸ್ಟರಿನ ಪದವಿ. ನಾಲ್ಕು ವರ್ಷದ ಪದವಿ ಮುಗಿಸಿದವರಿಗೆ ಒಂದು ವರ್ಷದ ಎಂ.ಎ.ಗೂ ಯುಜಿಸಿ ಈಗ ಅವಕಾಶ ಕೊಟ್ಟಿದೆ. ಇಂಥ ಎಷ್ಟೋ ಕೋರ್ಸುಗಳಿಗೆ ಯಾವ ಪದವಿ ಮಾಡಿದವರೂ ಸೇರಬಹುದು. ಒಂದೇ ಬೆಂಚಿನಲ್ಲಿ ಬಿ.ಇ. ಮಾಡಿದವರೂ ಕನ್ನಡ ಐಚ್ಛಿಕ ಓದಿದವರೂ ಕೂತಿರುತ್ತಾರೆ.

ಮೊದಲಿಗೆ ಸಿದ್ಧಾಂತದ ಪಾಠಗಳು. ಬಲವಂತವಿಲ್ಲದೆ ಜನರ ಒಪ್ಪಿಗೆ ಪಡೆದು ಆಳುವುದು ಹೇಗೆ ಎಂದು ಗ್ರಾಮ್ಷಿ ಮುಸೊಲಿನಿಯ ಜೈಲಿನಲ್ಲಿ ಕೂತು ಬರೆದ ಟಿಪ್ಪಣಿಗಳು, ಅಭಿರುಚಿಯೂ ಒಂದು ಬಂಡವಾಳ ಎಂಬ ಬೋರ್ದ್ಯೂ ಅವರ ವಾದ, ಜ್ಞಾನಕ್ಕೂ ಅಧಿಕಾರಕ್ಕೂ ಇರುವ ನಂಟನ್ನು ಬಿಡಿಸಿದ ಫುಕೋ. ಇವರ ಹೆಸರು ಕೇಳಿಯೇ ಹೆದರುವವರಿದ್ದಾರೆ. ಹೆಸರು ಹೇಳಿಯೇ ಹೆದರಿಸುವವರೂ ಇದ್ದಾರೆ. ಸಿದ್ಧಾಂತವನ್ನು ಪರೀಕ್ಷಿಸಲು ಒಂದು ಸರಳ ದಾರಿಯಿದೆ. ಅದನ್ನು ಓದಿದ ಮೇಲೆ ಕರಗದಲ್ಲಿ ಮೊದಲು ಕಾಣದಿದ್ದದ್ದು ಏನಾದರೂ ಕಾಣುತ್ತದೆಯೇ ಎಂದು ನೋಡಿಕೊಳ್ಳಿ. ಹೆಣ್ಣುಡುಗೆ, ಜಾತಿಯ ಹೆಸರು, ಕೆರೆಯ ಕಡತ ಇವುಗಳಲ್ಲಿ ಯಾವುದನ್ನೂ ಅದು ಬೆಳಗದಿದ್ದರೆ ನಿಮ್ಮ ಪ್ರಬಂಧಕ್ಕೆ ಅದು ಬೇಡ.

ಅನಂತರ ವಿಧಾನಗಳ ಪಾಠ: ಸಂದರ್ಶನ ಮಾಡುವುದು, ಪತ್ರಾಗಾರದಲ್ಲಿ ಕಡತ ಹುಡುಕುವುದು, ಚಿತ್ರ ಮತ್ತು ಸಿನಿಮಾ ಓದುವುದು, ನಕಾಶೆ ಹೊಂದಿಸುವುದು. ಆಮೇಲೆ ಕ್ಷೇತ್ರಕಾರ್ಯ, ಕೊನೆಗೆ ಪ್ರಬಂಧ. ಕ್ಷೇತ್ರಕಾರ್ಯದಲ್ಲಿ ಟಿಪ್ಪಣಿ ಬರೆಯುವುದು ಎಲ್ಲಕ್ಕಿಂತ ಮುಖ್ಯ, ಎಲ್ಲರೂ ಸೋಮಾರಿತನ ಮಾಡುವುದೂ ಅದರಲ್ಲೇ. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಇದ್ದು ಅಧ್ಯಯನ ಮಾಡಿದರು. ಆ ಊರಿಗೆ ರಾಮಪುರ ಎಂಬ ಹೆಸರಿಟ್ಟು ಬರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ ಬಿದ್ದು ಅವರು ಸಂಸ್ಕರಿಸಿ ಇಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದವು. ಮುಂದೆ ನೆನಪಿನಿಂದಲೇ ಹಳ್ಳಿಯ ಚಿತ್ರ ಬರೆದರು. ಅದು ಸಾಧ್ಯವಾದದ್ದು ವರ್ಷಗಟ್ಟಲೆ ಟಿಪ್ಪಣಿ ಬರೆದ ಕಣ್ಣು ಅವರದಾಗಿದ್ದರಿಂದ.

ಕ್ಷೇತ್ರದಲ್ಲಿ ಇನ್ನೊಂದು ಸಂಗತಿ ಎದುರಾಗುತ್ತದೆ. ನೀವು ಯಾರ ಮನೆಯವರು, ಯಾವ ಜಾತಿ ಎಂದು ಜನ ನಿಮ್ಮನ್ನೇ ಕೇಳುತ್ತಾರೆ. ಕೇಳಬೇಕಾದದ್ದೇ. ಯಾರಿಗೆ ಯಾವ ಬಾಗಿಲು ತೆರೆಯಿತು, ಯಾವುದು ತೆರೆಯಲಿಲ್ಲ ಎಂಬುದೂ ಅಧ್ಯಯನದ ಭಾಗ. ಆಚರಣೆಯ ಕೆಲವು ವಿವರಗಳು ಸಮುದಾಯದ ಗುಟ್ಟು. ಗುಡಿಯ ಒಳಗೆ ನಡೆಯುವುದನ್ನು ಹೊರಗೆ ಹೇಳಬಾರದೆಂದು ಅವರು ಬಯಸಿದರೆ ಬರೆಯದೆ ಬಿಡಬೇಕು. ಅದರಿಂದ ಪ್ರಬಂಧ ಬಡವಾಗುತ್ತದೆ ಅನ್ನಿಸಿದರೆ ಪ್ರಶ್ನೆಯನ್ನು ಬದಲಾಯಿಸಿಕೊಳ್ಳಬೇಕು.

ಭಾಷೆಯ ಮಾತು ಹೇಳದೆ ಮುಂದೆ ಹೋಗಲಾರೆ. ಓದುವ ಸಿದ್ಧಾಂತ ಇಂಗ್ಲಿಷಿನಲ್ಲಿ, ಕೇಳುವ ಮಾತು ಕನ್ನಡದಲ್ಲಿ, ಬರೆಯಬೇಕಾದದ್ದು ಮತ್ತೆ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಮೊದಲ ಸೆಮಿಸ್ಟರಿನಲ್ಲಿ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. ಅದೇ ವಿದ್ಯಾರ್ಥಿ ಕ್ಷೇತ್ರಕ್ಕೆ ಇಳಿದಾಗ ಇಡೀ ತರಗತಿಗೆ ದಾರಿ ತೋರಿಸುತ್ತಾರೆ, ಏಕೆಂದರೆ ಅಜ್ಜಿಯೊಬ್ಬಳು ಮಾತಿನ ನಡುವೆ ನಿಲ್ಲಿಸಿದ್ದು ಏಕೆ ಎಂಬುದು ಅವರಿಗೆ ತಿಳಿಯುತ್ತದೆ. ಸಂಸ್ಥೆಗಳು ಪ್ರಬಂಧವನ್ನು ಕನ್ನಡದಲ್ಲಿ ಬರೆಯಲು ಬಿಡಬೇಕು, ಕನ್ನಡದಲ್ಲಿ ಬರೆದ ವಿದ್ವಾಂಸರನ್ನು ಪಠ್ಯದಲ್ಲಿ ಇಡಬೇಕು. ಇದು ರಿಯಾಯಿತಿಯ ಮಾತಲ್ಲ. ಕರಗದ ಬಗ್ಗೆ ಬರೆದದ್ದನ್ನು ತಿಗಳರಪೇಟೆಯವರು ಓದಿ ತಿದ್ದಲು ಸಾಧ್ಯವಾಗಬೇಕೆಂಬ ಮಾತು.

ಸೇರುವ ಮುನ್ನ

ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಓದಿ ಯಾವುದರಲ್ಲೂ ಆಳ ಸಿಗುವುದಿಲ್ಲ ಎಂಬ ಆಕ್ಷೇಪವಿದೆ. ಅದು ಬಹಳ ಕಡೆ ನಿಜವೂ ಹೌದು. ಕಡತ ಓದಲು ಬಾರದೆ ಇತಿಹಾಸದ ಬಗ್ಗೆ, ಹಳಗನ್ನಡ ಬಾರದೆ ಕಾವ್ಯದ ಬಗ್ಗೆ, ಯಾರ ಮನೆಗೂ ಹೋಗದೆ ಸಮುದಾಯದ ಬಗ್ಗೆ ಬರೆಯುವುದನ್ನು ಅಂತರ್‌ಶಿಸ್ತೀಯ ಎಂಬ ಹೆಸರು ಮುಚ್ಚಿಡಲಾರದು. ಒಂದು ವಿಧಾನವನ್ನಾದರೂ ಗಟ್ಟಿಯಾಗಿ ಕಲಿತು, ಅಲ್ಲಿಂದ ಪಕ್ಕದ ಶಾಸ್ತ್ರಕ್ಕೆ ಹೋಗುವುದು ಒಳ್ಳೆಯದು. ಕೋರ್ಸು ಆರಿಸುವಾಗ ಪಠ್ಯಕ್ರಮದಲ್ಲಿ ವಿಧಾನಗಳ ಪಾಠ ಕಡ್ಡಾಯವೋ ಐಚ್ಛಿಕವೋ, ಕ್ಷೇತ್ರಕಾರ್ಯಕ್ಕೆ ಎಷ್ಟು ಕ್ರೆಡಿಟ್ ಇದೆ, ಪ್ರಬಂಧಕ್ಕೆ ಬೇರೆ ಶಾಸ್ತ್ರದ ಇನ್ನೊಬ್ಬ ಮಾರ್ಗದರ್ಶಕರು ಸಿಗುತ್ತಾರೆಯೇ ಎಂದು ನೋಡಿ. ಕೋರ್ಸಿನ ಹೆಸರಿಗಿಂತ ಈ ಮೂರರಿಂದ ಹೆಚ್ಚು ತಿಳಿಯುತ್ತದೆ.

ಕೆಲಸದ ಪ್ರಶ್ನೆಯನ್ನು ಮನೆಯವರು ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧವಿರಬೇಕು. ವಸ್ತುಸಂಗ್ರಹಾಲಯ, ಪತ್ರಾಗಾರ, ಪ್ರಕಾಶನ, ಪತ್ರಿಕೋದ್ಯಮ, ಪಾರಂಪರಿಕ ತಾಣಗಳ ಸಂರಕ್ಷಣೆ, ಸ್ವಯಂಸೇವಾ ಸಂಸ್ಥೆಗಳ ಸಂಶೋಧನೆ, ಜನ ಒಂದು ವಸ್ತುವನ್ನೋ ಆ್ಯಪನ್ನೋ ಹೇಗೆ ಬಳಸುತ್ತಾರೆಂದು ಅಧ್ಯಯನ ಮಾಡುವ ಕಂಪನಿಗಳ ಕೆಲಸ, ಇವೆಲ್ಲ ಇವೆ. ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳಬೇಕೆಂಬ ಆಸೆಯಿದ್ದರೆ ಎ‌ಚ್ಚರ ಬೇಕು. ಅಧ್ಯಾಪಕ ಹುದ್ದೆಗೆ ಸಂಬಂಧಪಟ್ಟ ಅಥವಾ ಸಮೀಪದ ವಿಷಯದಲ್ಲಿ ಸ್ನಾತಕೋತ್ತರ ಪದವಿ ಕೇಳುತ್ತಾರೆ. ಅಧ್ಯಾಪಕರಾಗಲು ಅರ್ಹತೆ ಕೊಡುವ ನೆಟ್ (ರಾಷ್ಟ್ರಮಟ್ಟದ್ದು), ಕೆ-ಸೆಟ್ (ಕರ್ನಾಟಕದ್ದು) ಪರೀಕ್ಷೆಗಳೂ ವಿಷಯವಾರು ನಡೆಯುತ್ತವೆ. ಸಂಸ್ಕೃತಿ ಅಧ್ಯಯನದ ಎಂ.ಎ.ಯನ್ನು ಸಮಾಜಶಾಸ್ತ್ರಕ್ಕೋ ಇಂಗ್ಲಿಷಿಗೋ ಸಮನೆಂದು ಒಪ್ಪುತ್ತಾರೆಯೇ ಎಂಬುದು ನೇಮಕಾತಿಯ ಅಧಿಸೂಚನೆಯ ಮೇಲೆ ನಿಲ್ಲುತ್ತದೆ. ಸೇರುವ ಮೊದಲೇ ಆ ಕೋರ್ಸು ಮುಗಿಸಿದ ಹಿರಿಯ ವಿದ್ಯಾರ್ಥಿಗಳು ಯಾವ ವಿಷಯದಲ್ಲಿ ನೆಟ್ ಬರೆದರು, ಎಲ್ಲಿ ಪಿಎಚ್.ಡಿ.ಗೆ ಸೇರಿದರು ಎಂದು ವಿಚಾರಿಸಿ. ವಿಭಾಗದವರು ಇದಕ್ಕೆ ಸ್ಪಷ್ಟ ಉತ್ತರ ಕೊಡದಿದ್ದರೆ ಅರ್ಜಿ ಹಾಕುವ ಮುನ್ನ ಇನ್ನೊಮ್ಮೆ ಯೋಚಿಸಿ.

ಅರ್ಜಿಯ ಜೊತೆಗೆ ಎಷ್ಟೋ ಕಡೆ ಒಂದೆರಡು ಪುಟದ ಉದ್ದೇಶ ಪತ್ರ ಕೇಳುತ್ತಾರೆ. ನನಗೆ ಸಂಸ್ಕೃತಿಯಲ್ಲಿ ಆಸಕ್ತಿ ಎಂದು ಅದರಲ್ಲಿ ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ. ನಿಮ್ಮ ಊರಿನ ಜಾತ್ರೆ, ನಿಮ್ಮ ತಾಲ್ಲೂಕಿನ ಸಕ್ಕರೆ ಕಾರ್ಖಾನೆ, ಮುಂಬೈನಲ್ಲಿ ಹೋಟೆಲು ಮಾಡಿದ ನಿಮ್ಮ ಮಾವನ ತಲೆಮಾರು, ಮುಚ್ಚಿಹೋದ ಟೂರಿಂಗ್ ಟಾಕೀಸು, ಯಾವುದಾದರೂ ಸರಿ. ಅದರ ಬಗ್ಗೆ ನಿಮಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಬರೆಯಿರಿ, ಉತ್ತರ ಹುಡುಕಲು ಯಾರನ್ನು ಕೇಳಬೇಕು, ಯಾವ ಕಡತ ನೋಡಬೇಕು ಎಂಬುದನ್ನು ಅದರ ಕೆಳಗೇ ಬರೆಯಿರಿ. ಆ ಎರಡನೆಯ ಭಾಗ ಬರೆಯುವಾಗ ಒಂದಕ್ಕಿಂತ ಹೆಚ್ಚು ವಿಭಾಗಗಳ ನೆರವು ಬೇಕೆನಿಸಿದರೆ ಈ ಕೋರ್ಸಿಗೆ ಅರ್ಜಿ ಹಾಕಿ. ಒಂದೇ ವಿಭಾಗದಲ್ಲಿ ಉತ್ತರ ಸಿಗುವಂತಿದ್ದರೆ ಆ ವಿಭಾಗದ ಎಂ.ಎ.ಯನ್ನೇ ಮಾಡಿ.